ಲೆಕ್ಕದ ಟೀಚರ್, 11

ಜನವರಿ 9, ಶುಕ್ರವಾರ

ಇವತ್ತಿನಿಂದ ಬರೆಯುತ್ತೇನೆ. ಬರೆಯದಿದ್ದರೆ ಯಾರ ಮೇಲಾದರೂ ಕೂಗಾಡಿಬಿಡುತ್ತೇನೆ. ಕೂಗಾಡುವುದಕ್ಕೆ ಮನೆಯಲ್ಲಿರುವುದು ಅಕ್ಕ ಒಬ್ಬಳೇ.

ಬೆಳಿಗ್ಗೆ ದೊಡ್ಡ ಡಾಕ್ಟರು ಎಲ್ಲರೆದುರಿಗೆ ನನಗೆ ಮಂಗಳಾರತಿ ಎತ್ತಿದರು. ಆದದ್ದಿಷ್ಟು: ನಮ್ಮ ಕೃತಕ ಕಾಲಿನ ಕೇಂದ್ರದಲ್ಲಿ ಯಾರು ಯಾವತ್ತು ಅಳತೆಗೆ ಬರಬೇಕು ಎಂಬ ಪಟ್ಟಿಯಿದ್ದ ಡಿಸ್ಕ್ ಕೈಕೊಟ್ಟಿತು. ಅದಕ್ಕೆ ಇನ್ನೊಂದು ಪ್ರತಿ ಇರಲಿಲ್ಲ. ಇಪ್ಪತ್ತಮೂರು ಜನ ಒಂದೇ ಹೊತ್ತಿಗೆ ಬಂದು ಬೆಂಚಿನ ಮೇಲೆ ಸಾಲಾಗಿ ಕುಳಿತರು. ಅರ್ಧ ಜನ ಸಂಜೆಯವರೆಗೆ ಕಾದು ವಾಪಸ್ ಹೋದರು. "ಒಂದು ಪಟ್ಟಿ ಕಾಯೋಕಾಗಲ್ವೇನ್ರೀ? ಕಂಪ್ಯೂಟರ್ ನೋಡ್ಕೊಳ್ಳೋಕೆ ಅಂತ ನಿಮ್ಮನ್ನ ಯಾಕೆ ಇಟ್ಕೊಂಡಿದೀವಿ?" ಎಂದರು ಡಾಕ್ಟರು.

ಅದನ್ನಾದರೂ ಸಹಿಸಿಕೊಳ್ಳಬಹುದು. ಅಚ್ಚಿನ ಮೇಸ್ತ್ರಿಗಳು ಬಿಳಿ ಪುಡಿ ಮೆತ್ತಿದ ಏಪ್ರನ್ನಿಗೆ ಕೈ ಒರೆಸುತ್ತಾ, "ನಮ್ಮ ಅಚ್ಚಿಗೆ ಕರೆಂಟೂ ಬೇಡ, ಪಾಸ್‌ವರ್ಡೂ ಬೇಡ. ಇಪ್ಪತ್ತು ವರ್ಷದಿಂದ ಒಂದೂ ಕಳೆದಿಲ್ಲ ನೋಡಿ ಸಾರ್" ಅಂದರು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಮೇಸ್ತ್ರಿಗಳು ತಮಾಷೆಗೆ ಹೇಳಿದ್ದು, ಗೊತ್ತು. ದೊಡ್ಡವರು, ಒಳ್ಳೆಯವರು. ಆದರೂ ನನ್ನ ಕಿವಿ ಇನ್ನೂ ಬಿಸಿಯಾಗಿದೆ.

ಜನವರಿ 19, ಸೋಮವಾರ

ಯೋಜನೆ ಸಿದ್ಧವಾಯಿತು. ಮೂರು ಪ್ರತಿ. ಒಂದು ಕೇಂದ್ರದ ಮುಖ್ಯ ಡಿಸ್ಕಿನಲ್ಲಿ. ಎರಡನೆಯದು ಬೇರೆ ಕೋಣೆಯ ಬೇರೆ ಯಂತ್ರದಲ್ಲಿ. ಮೂರನೆಯದು ಅಂಗೈಯಗಲದ ಡಿಸ್ಕಿನಲ್ಲಿ, ಅದನ್ನು ಪ್ರತಿ ಶನಿವಾರ ನಾನು ಮನೆಗೆ ತರುವುದು. ಒಂದಕ್ಕೆ ಬೆಂಕಿ ಬೀಳಲಿ, ಇನ್ನೊಂದನ್ನು ಕಳ್ಳ ಒಯ್ಯಲಿ, ಮೂರನೆಯದು ಇದ್ದೇ ಇರುತ್ತದೆ. ಅಕ್ಕನಿಗೆ ಓದಿ ಹೇಳಿದೆ. ಅವಳು ಶಾಲೆಯಲ್ಲಿ ಲೆಕ್ಕ ಕಲಿಸುವವಳು, ಇಂಥದ್ದೆಲ್ಲ ಬೇಗ ಹಿಡಿಯುತ್ತದೆ. "ಮನೆಗೆ ತರೋದನ್ನ ನನ್ನ ಬೀರುವಿನಲ್ಲಿಡು ಪುಟ್ಟಾ, ಬಟ್ಟೆ ಮಧ್ಯೆ. ಯಾರೂ ಮುಟ್ಟಲ್ಲ" ಅಂದಳು.

ಡಾಕ್ಟರಿಗೆ ಇನ್ನೊಂದು ಸಲಹೆಯನ್ನೂ ಬರೆದುಕೊಟ್ಟೆ. ಮೇಸ್ತ್ರಿಗಳ ಪ್ಲಾಸ್ಟರ್ ಅಚ್ಚುಗಳು ಒಂದಿಡೀ ಕೋಣೆ ತುಂಬಿವೆ. ಅವನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಿದರೆ ಕೋಣೆ ಖಾಲಿಯಾಗುತ್ತದೆ, ರೋಗಿಗಳಿಗೆ ನಡೆಯುವ ಅಭ್ಯಾಸಕ್ಕೆ ಜಾಗ ಸಿಗುತ್ತದೆ. ಡಾಕ್ಟರು ಎರಡು ಸಲ ಓದಿ, "ಇದು ತಲೆ ಅಂದ್ರೆ" ಅಂದರು. ಹೊಟ್ಟೆಗೆ ಹಾಲು ಹುಯ್ದಂತಾಯಿತು. ಮೇಸ್ತ್ರಿಗಳಿಗೂ ಉತ್ತರ ಸಿಕ್ಕಂತಾಯಿತು. ಈ ಕೊನೆಯ ವಾಕ್ಯ ಬರೆಯಬಾರದಿತ್ತು, ಇರಲಿ.

ಫೆಬ್ರವರಿ 4, ಬುಧವಾರ

ಅಚ್ಚಿನ ಕೋಣೆಯಲ್ಲಿ ಇವತ್ತು ಎಣಿಕೆ. ನಾನೂರ ಹದಿನೆಂಟು. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಬೆಳ್ಳನೆ ಮೊಂಡುಗಳು, ತಲೆಕೆಳಗಾಗಿ. ಒಳಗೆ ಹೋದರೆ ಮೂಗಿನಲ್ಲಿ ಸುಣ್ಣದಂಥ ಒಣ ವಾಸನೆ.

ಕಾಲು ಕತ್ತರಿಸಿದ ಮೇಲೆ ಉಳಿದ ಮೊಂಡು ಕೃತಕ ಕಾಲಿನ ಒಂದು ಬಟ್ಟಲಿನೊಳಗೆ ಕೂರಬೇಕು. ಬಟ್ಟಲು ಕೂದಲೆಳೆಯಷ್ಟು ತಪ್ಪಿದರೂ ಚರ್ಮ ಸುಲಿಯುತ್ತದೆ. ಎಲ್ಲಿ ಒತ್ತಬೇಕು, ಎಲ್ಲಿ ಸಡಿಲ ಬಿಡಬೇಕು ಎನ್ನುವುದನ್ನು ಮೇಸ್ತ್ರಿಗಳು ಅಚ್ಚಿನ ಮೇಲೆ ಅರದಿಂದ ಉಜ್ಜಿ ಉಜ್ಜಿ ಕಂಡುಕೊಳ್ಳುತ್ತಾರೆ. ಎರಡು ಮೂರು ವರ್ಷಕ್ಕೆ ಬಟ್ಟಲು ಸವೆದು ಬಿರುಕು ಬಿಡುತ್ತದೆ. ಆಗ ಅದೇ ಅಚ್ಚಿನಿಂದ ಹೊಸದು.

ಮೂರನೇ ಹಲಗೆಯಲ್ಲಿ ಅಕ್ಕನದು. ಅವಳ ಮೊಂಡಿನ ಹೊರಬದಿಯಲ್ಲಿ ಕಡಲೆಕಾಳಿನಷ್ಟು ನರದ ಗಂಟಿದೆ. ಹತ್ತು ಬಟ್ಟಲು ಮಾಡಿ ಹತ್ತನ್ನೂ ಎಸೆದರು. ಆ ವರ್ಷ ರಕ್ತ ಅಂಟಿದ ಕಾಲುಚೀಲ ಒಗೆದವನು ನಾನು. ಹನ್ನೊಂದನೆಯದು ಕೂತಿತು. ಅಕ್ಕ ಕೋಲಿಲ್ಲದೆ ಬಾಗಿಲವರೆಗೆ ನಡೆದು, ತಿರುಗಿ ನಿಂತು, "ಪುಟ್ಟಾ, ನೋವಿಲ್ಲ ಕಣೋ" ಅಂದಳು. ಮೇಸ್ತ್ರಿಗಳು ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಚ್ಚಿನ ಮೇಲೆ ಅವರ ಕೈಬರಹ ಇನ್ನೂ ಇದೆ: ಲೆಕ್ಕದ ಟೀಚರ್, 11.

ಫೆಬ್ರವರಿ 20, ಶುಕ್ರವಾರ

ಸ್ಕ್ಯಾನಿಂಗ್ ಹಂಚಿಕೊಂಡಿದ್ದೇವೆ. ಸುಲಭದವನ್ನು ನಾನು ಮಾಡುತ್ತೇನೆ. ಹೆಚ್ಚು ತಿದ್ದಿದ ಕಷ್ಟದ ಅಚ್ಚುಗಳನ್ನು ಮೇಸ್ತ್ರಿ ತಾವೇ ತಿರುಗಿಸುತ್ತಾ ಮಾಡುತ್ತಾರೆ. ಕೆಲಸ ಬೇಗ ಕಲಿತರು, ಒಪ್ಪಿಕೊಳ್ಳುತ್ತೇನೆ. ಹೆಸರಿಡುವುದರಲ್ಲಿ ಮಾತ್ರ ಹಟ.

ರೋಗಿಗೊಂದು ಸಂಖ್ಯೆ, ಫೈಲಿಗೆ ಅದೇ ಸಂಖ್ಯೆ. ನಿಯಮವನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೇನೆ. ಇವರು ಇಟ್ಟ ಹೆಸರುಗಳನ್ನು ನೋಡಬೇಕು: ಗೊರಕೆ ಪೋಸ್ಟ್‌ಮನ್. ಜಗಳಗಂಟಿ ಅಜ್ಜಿ, ಬಲ. ಸುಳ್ಳು ಹೇಳುವ ಡ್ರೈವರ್. ಕೇಳಿದ್ದಕ್ಕೆ, "ನಂಬರ್ ನೋಡಿದ್ರೆ ನನಗೆ ಕಾಲು ನೆನಪಾಗಲ್ಲ ಸಾರ್. ಸುಳ್ಳು ಹೇಳೋ ಡ್ರೈವರ್ ಅಂದ್ರೆ ನೋವಿದ್ರೂ ಇಲ್ಲ ಅಂತಾನೆ, ಇನ್ನೊಂಚೂರು ಸಡಿಲ ಬಿಡ್ಬೇಕು ಅಂತ ಕೈಗೇ ಹೊಳೆಯುತ್ತೆ" ಅಂದರು.

"ನಿಯಮ ಅಂದ್ರೆ ನಿಯಮ ಮೇಸ್ತ್ರಿಗಳೇ."

"ಆಯ್ತು ಸಾರ್, ಪ್ರಯತ್ನಪಡ್ತೀನಿ" ಅಂದವರು ಮಧ್ಯಾಹ್ನ ಇನ್ನೊಂದಕ್ಕೆ ಹೆಸರಿಟ್ಟರು: ಕಂಪ್ಯೂಟರ್ ಸಾರ್ ಬೈದ ದಿನದ ಕಾಲು. ನರ್ಸುಗಳೆಲ್ಲ ಬಂದು ಪರದೆ ನೋಡಿ ನಕ್ಕು ಹೋದರು. ನಾನೂ ನಕ್ಕೆ.

ಮಾರ್ಚ್ 3, ಮಂಗಳವಾರ

ನಾನೇನು ಇವರ ಮೊಮ್ಮಗನೇ? ಬುದ್ಧಿ ಹೇಳಿ ಹೇಳಿ ಬಾಯಿ ನೋಯಿತು. ಇವತ್ತು ಪ್ರತಿ ತೆಗೆಯುವ ಏರ್ಪಾಟಿಗೆ ಒಂದು ಸಾಲು ಸೇರಿಸಿದೆ. ಸಂಖ್ಯೆಯಿಂದ ಶುರುವಾಗದ ಹೆಸರಿನ ಫೈಲನ್ನು ನಕಲು ಮಾಡಬೇಡ, ಬಿಟ್ಟುಬಿಡು, ಮೊದಲೇ ನಕಲಾಗಿದ್ದರೆ ಅದನ್ನೂ ತೆಗೆದುಹಾಕು, ಕೆಂಪು ಪಟ್ಟಿಯಲ್ಲಿ ತೋರಿಸು. ಎರಡನೆಯ ಪ್ರತಿಗೂ ಇದೇ, ಮೂರನೆಯದಕ್ಕೂ ಇದೇ.

ಮೇಸ್ತ್ರಿಗೆ ಹೇಳುವುದಿಲ್ಲ. ತಾನಾಗಿ ಬಂದು "ಸಾರ್, ನನ್ನವು ಯಾಕೆ ಕೆಂಪು?" ಅಂತ ಕೇಳಲಿ. ಅವತ್ತು ಎಲ್ಲ ನರ್ಸುಗಳನ್ನೂ ಕರೆದು ಹೇಳುತ್ತೇನೆ. ಒಂದೆರಡು ವಾರದ ಪಾಠ, ಅಷ್ಟೇ. ಮೂಲ ಹೇಗೂ ಮುಖ್ಯ ಡಿಸ್ಕಿನಲ್ಲಿ ಇದ್ದೇ ಇರುತ್ತದೆ.

ಮಾರ್ಚ್ 12, ಗುರುವಾರ

ಕೇಳಲಿಲ್ಲ. ಕೆಂಪು ಪಟ್ಟಿ ಇರುವುದೇ ನನ್ನ ಪರದೆಯಲ್ಲಿ, ಅವರು ಅದನ್ನು ನೋಡುವುದೂ ಇಲ್ಲ. ತಿಂಗಳ ವರದಿ ಡಾಕ್ಟರಿಗೆ ಹೋಗಬೇಕು, ಅದರಲ್ಲಿ ಇಷ್ಟುದ್ದ ಕೆಂಪು ಇದ್ದರೆ ನನ್ನ ಕಿವಿ ಹಿಂಡುತ್ತಾರೆ. ಕೆಂಪು ಪಟ್ಟಿ ತೋರಿಸುವುದನ್ನು ನಿಲ್ಲಿಸಿದೆ. ಈಗ ವರದಿ ಪೂರ್ತಿ ಹಸಿರು, ನೋಡಲು ಚೆಂದ. ಮುಂದಿನ ವಾರ ಆ ಸಾಲನ್ನೂ ತೆಗೆಯಬೇಕು.

ಮಾರ್ಚ್ 14, ಶನಿವಾರ

ಅಚ್ಚುಗಳನ್ನು ಒಡೆದದ್ದಾಯಿತು.

ಹಿತ್ತಿಲ ಸಿಮೆಂಟು ಕಟ್ಟೆಯ ಮೇಲೆ. ಹೊರಗಿನಿಂದ ಕೂಲಿಯವರನ್ನು ಕರೆಯೋಣ ಎಂದರು ಡಾಕ್ಟರು. ಮೇಸ್ತ್ರಿಯೇ ಒಡೆಯಲಿ, ಯಾವುದು ಯಾರದ್ದು ಅಂತ ಅವರಿಗೇ ಗೊತ್ತು, ಪಟ್ಟಿಗೆ ಗುರುತು ಹಾಕಲು ನನಗೆ ಅನುಕೂಲ ಅಂದೆ. ಹಾಗೇ ಆಯಿತು. ಅವರು ಒಂದೊಂದನ್ನೇ ಎತ್ತಿ, ಹೆಸರು ಹೇಳಿ, ಸುತ್ತಿಗೆ ಹೊಡೆದರು. ನಾನು ಕುರ್ಚಿ ಹಾಕಿಕೊಂಡು ಗುರುತು ಹಾಕಿದೆ. ಮೊದಲ ಇಪ್ಪತ್ತಕ್ಕೆ ಧ್ವನಿ ಗಟ್ಟಿಯಾಗಿತ್ತು, ಆಮೇಲೆ ನನಗೆ ಹೆಸರುಗಳೇ ಕೇಳಿಸಲಿಲ್ಲ. "ಜೋರಾಗಿ ಹೇಳಿ" ಅಂತ ಎರಡು ಮೂರು ಸಲ ಹೇಳಬೇಕಾಯಿತು.

ಮಧ್ಯೆ ಕೈ ಜೋಡಿಸಿದರು. "ಹತ್ತು ಅಚ್ಚು ಬಿಡಿ ಸಾರ್. ತುಂಬ ಕಷ್ಟಪಟ್ಟಿರೋವು. ನನ್ನ ಮನೇಲಿ ಇಟ್ಕೋತೀನಿ."

"ಎಲ್ಲಾದಕ್ಕೂ ಮೂರು ಮೂರು ಪ್ರತಿ ಇದೆ. ಇನ್ನೂ ಯಾಕೆ ಈ ಮಣ್ಣಿನ ಮೋಹ?"

ಅಕ್ಕನದು ಬಂದಾಗ ಮೇಸ್ತ್ರಿ ಅದನ್ನು ಎದೆಗವಚಿಕೊಂಡು ನಿಂತ. "ಇದನ್ನಾದ್ರೂ ಮನೆಗೆ ತಗೊಂಡು ಹೋಗಿ ಸಾರ್. ನಿಮ್ಮಕ್ಕನದು."

ಎಲ್ಲರೂ ನೋಡುತ್ತಿದ್ದರು. ನನ್ನ ಅಕ್ಕನಿಗೊಂದು, ಬೇರೆಯವರಿಗೊಂದು ನಿಯಮ ನನ್ನಲ್ಲಿಲ್ಲ. ಗುರುತು ಹಾಕಿ, "ಮುಂದಿನದು" ಅಂದೆ. ಡಾಕ್ಟರು ಕಿಟಕಿಯಿಂದ ನೋಡಿ ತಲೆಯಾಡಿಸಿದರು. ಸಂಜೆ ಬಂದು ಅಕ್ಕನ ಬೀರುವಿನಲ್ಲಿ ಮೂರನೆಯ ಪ್ರತಿ ಇಟ್ಟೆ. ಬಹಳ ದಿನದ ಮೇಲೆ ಹಗುರಾಗಿದ್ದೇನೆ.

ಏಪ್ರಿಲ್ 11, ಶನಿವಾರ

ಅಕ್ಕನ ಬಟ್ಟಲಿನ ಅಂಚಿನಲ್ಲಿ ಬಿರುಕು. ಉಗುರಿನಷ್ಟುದ್ದ. ಶಾಲೆ ತೆರೆಯುವುದರೊಳಗೆ ಹೊಸದು ಮಾಡಿಸಿಕೊಡುತ್ತೇನೆ ಅಂದೆ. ಈಗೇನು, ಒಂದು ಗುಂಡಿ ಒತ್ತಿದರೆ ಯಂತ್ರವೇ ಅಚ್ಚು ಕೊರೆದುಕೊಡುತ್ತದೆ.

ಬೀರುವಿನಿಂದ ಡಿಸ್ಕ್ ತೆಗೆದುಕೊಡುತ್ತಾ ಕೇಳಿದಳು: "ಇದರಿಂದ ಒಂದು ಸಲ ವಾಪಸ್ ತೆಗೆದು ನೋಡಿದ್ಯಾ? ಎಲ್ಲಾ ಬರುತ್ತಾ? ನಾನು ಮಕ್ಕಳಿಗೆ ಹೇಳ್ತೀನಿ, ಉತ್ತರ ಬಂದ ತಕ್ಷಣ ಪೆನ್ ಮುಚ್ಚಬೇಡಿ, ತಾಳೆ ನೋಡಿ ಅಂತ."

"ನಾನು ನಿನ್ನ ಐದನೇ ಕ್ಲಾಸಲ್ಲ" ಅಂದೆ. ಸ್ವಲ್ಪ ಜೋರಾಯಿತೇನೋ. ಅವಳು ಬೀರು ಮುಚ್ಚಿದಳು. ಎಲ್ಲರಿಗೂ ನನ್ನ ಕೆಲಸದಲ್ಲಿ ಕೈಯಾಡಿಸುವ ಚಟ.

ಮೇ 18, ಸೋಮವಾರ

ಮುಖ್ಯ ಡಿಸ್ಕ್ ಹೋಯಿತು. ಬೆಳಿಗ್ಗೆ ಕಟಕಟ ಎಂದಿತು, ಹತ್ತು ಗಂಟೆಗೆ ಅದೂ ನಿಂತಿತು. ಡಾಕ್ಟರ ಮುಂದೆ ನಗುತ್ತಲೇ ಹೇಳಿದೆ, "ಹೋಗಲಿ ಬಿಡಿ ಡಾಕ್ಟ್ರೇ, ಇದಕ್ಕೇ ಅಲ್ವಾ ಮೂರು ಪ್ರತಿ ಮಾಡಿದ್ದು." ಅವರು ಬೆನ್ನು ತಟ್ಟಿದರು. ಎರಡನೆಯ ಪ್ರತಿಯಿಂದ ವಾಪಸ್ ತರುವ ಕೆಲಸ ಶುರುಮಾಡಿದ್ದೇನೆ.

ಮೇ 19, ಮಂಗಳವಾರ

ಬಂದದ್ದು 231. ಬಾರದ್ದು 187.

ಮೇ 20, ಬುಧವಾರ

ಅಕ್ಕ ಪಕ್ಕದ ಮನೆಗೆ ಹೋದಾಗ ಬೀರು ತೆಗೆದು ಮೂರನೆಯ ಪ್ರತಿ ನೋಡಿದೆ. 231. ಬಾರದವೆಲ್ಲ ಮೇಸ್ತ್ರಿಯವು. ಕಷ್ಟದವು. ಲೆಕ್ಕದ ಟೀಚರ್ ಇಲ್ಲ. ಅವಳ ಬಟ್ಟೆಯ ಮಡಿಕೆಯಲ್ಲೇ ಎರಡು ತಿಂಗಳಿಂದ ಇತ್ತು ಈ ಡಿಸ್ಕ್, ಅವಳದ್ದೊಂದನ್ನು ಬಿಟ್ಟು ಊರವರ ಕಾಲನ್ನೆಲ್ಲ ಹೊತ್ತುಕೊಂಡು.

ಕೇಂದ್ರಕ್ಕೆ ಹೋಗಿ ಮೊದಲು ಆ ಸಾಲನ್ನು ಅಳಿಸಿದೆ. ಯಾವ ಸಾಲು ಅಂತ ಇಲ್ಲಿ ಬರೆಯುವ ಅಗತ್ಯವಿಲ್ಲ. ಎಷ್ಟೋ ಸಾಲು ಬರೆಯುತ್ತೇವೆ, ಎಲ್ಲ ನೆನಪಿರುತ್ತದೆಯೇ? ಸತ್ತ ಡಿಸ್ಕನ್ನು ದುರಸ್ತಿ ಮಾಡುವವನ ಬಳಿ ಒಯ್ದೆ. ಅವನು ಬಿಚ್ಚಿ ನೋಡಿ, ಒಳಗಿನ ತಟ್ಟೆ ಪೂರ್ತಿ ಗೀಚಿಹೋಗಿದೆ, ಏನೂ ಬರುವುದಿಲ್ಲ ಅಂದ.

ಮೇ 22, ಶುಕ್ರವಾರ

ವಿಚಾರಣೆ. ಡಾಕ್ಟರ ಕೋಣೆಯಲ್ಲಿ ನಾನು, ಮೇಸ್ತ್ರಿ, ಹಿರಿಯ ನರ್ಸು.

ಇದ್ದದ್ದನ್ನೇ ಹೇಳಿದೆ. ಫೈಲಿಗೆ ಸಂಖ್ಯೆ ಇಡಬೇಕೆಂದು ಗೋಡೆಗೆ ಅಂಟಿಸಿದ್ದೆ. ಇವರು ಇಡಲಿಲ್ಲ. ಅಂಥ ಹೆಸರುಗಳನ್ನು ಕಂಪ್ಯೂಟರ್ ತಾನಾಗಿಯೇ ತೆಗೆದುಕೊಳ್ಳುವುದಿಲ್ಲ, ಅದರ ಸ್ವಭಾವವೇ ಹಾಗೆ.

ಮೇಸ್ತ್ರಿ ನನ್ನ ಮುಖವನ್ನೇ ನೋಡುತ್ತಾ ಕೇಳಿದ: "ತೆಗೆದುಕೊಳ್ಳಲ್ಲ ಅಂತ ನೀವು ನನಗೆ ಒಂದು ಸಲವಾದ್ರೂ ಹೇಳಿದ್ರಾ ಸಾರ್?"

"ಹೇಳಿದ್ದೆ."

"ಯಾವತ್ತು?"

"ಹತ್ತು ಸಲ ಹೇಳಿದ್ದೆ."

ಹೇಳಿದ್ದೆ ಎಂದೇ ನನ್ನ ಭಾವನೆ. ಬುದ್ಧಿ ಹೇಳಿ ಬಾಯಿ ನೋಯಿತು ಅಂತ ಈ ಪುಸ್ತಕದಲ್ಲೇ ಎಲ್ಲೋ ಬರೆದಿದ್ದೇನೆ. ನರ್ಸು ಪರದೆಯ ಮೇಲೆ ತಾನೂ ಆ ಹೆಸರುಗಳನ್ನು ನೋಡಿ ನಕ್ಕಿದ್ದು ನಿಜ ಅಂದಳು. ಸೋಮವಾರದಿಂದ ಬರಬೇಡಿ ಎಂದರು ಡಾಕ್ಟರು. ಮೇಸ್ತ್ರಿ ಅರಗಳನ್ನೆಲ್ಲ ಒಂದು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟ. ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕುವಾಗ ಅದನ್ನೊಮ್ಮೆ ನೀವಿದ. ನನಗೆ ಬೇಜಾರಾಗಲಿಲ್ಲ ಅಂತಲ್ಲ. ಆದರೆ ಶಿಸ್ತಿನ ಪಾಠ ಒಬ್ಬರಿಗಾದರೂ ಆಗಬೇಕಲ್ಲ.

ಜೂನ್ 1, ಸೋಮವಾರ

ಶಾಲೆ ತೆರೆಯಿತು. ಅಕ್ಕ ಹೋಗಲಿಲ್ಲ. ಬಿರುಕು ನಡುವಿನವರೆಗೆ ಇಳಿದಿದೆ, ಹಾಕಿಕೊಂಡರೆ ಮಾಂಸ ಸಿಕ್ಕಿಕೊಳ್ಳುತ್ತದೆ. ಹೊಸ ಕೆಲಸಗಾರ ಬಂದಿದ್ದಾನೆ, ಓದಿದವನು, ಸಂಖ್ಯೆ ತಪ್ಪದೆ ಬರೆಯುತ್ತಾನೆ. ಅಕ್ಕನಿಗೆ ಹೊಸದಾಗಿ ಅಳತೆ ತೆಗೆದು ಬಟ್ಟಲು ಮಾಡಿದ. ಹಾಕಿ ಎರಡು ಹೆಜ್ಜೆ ಇಟ್ಟಳು. ಮೂರನೆಯದಕ್ಕೆ ಕುಳಿತುಬಿಟ್ಟಳು.

"ಸ್ವಲ್ಪ ಅಡ್ಜಸ್ಟ್ ಆಗುತ್ತೆ ಮೇಡಂ" ಅಂದ ಅವನು.

ಇದು ಮೊದಲನೆಯದು.

ಜೂನ್ 23, ಮಂಗಳವಾರ

ಬೆಂಚು ತುಂಬಿ ಜನ. ಗೊರಕೆ ಪೋಸ್ಟ್‌ಮನ್ ಪ್ಯಾಂಟು ಮೇಲೆತ್ತಿ ಹುಣ್ಣು ತೋರಿಸಿದ, ಅಂಚೆ ಚೀಲ ಹೊತ್ತು ಇನ್ನು ನಡೆಯಲಾರೆ ಎಂದು ಗಂಡಸು ಎಲ್ಲರೆದುರಿಗೆ ಅತ್ತ. ಜಗಳಗಂಟಿ ಅಜ್ಜಿಯ ಜಗಳವೇ ನಿಂತುಹೋಗಿದೆ, ಗೋಡೆ ನೋಡುತ್ತಾ ಕೂರುತ್ತಾಳೆ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಮೇಸ್ತ್ರಿ ಎಲ್ಲಿ? ನಾನು ಅವರಿಗೆಲ್ಲ ಸಮಾಧಾನವಾಗಿ ವಿವರಿಸುತ್ತೇನೆ, ಅವನು ನಿಯಮ ಪಾಲಿಸಲಿಲ್ಲ, ಅದರ ಫಲ ನೀವು ಅನುಭವಿಸುವಂತಾಯಿತು ಅಂತ. ಕೆಲವರು ನಂಬುತ್ತಾರೆ. ಹೇಳಿ ಹೇಳಿ ಈಗ ನನಗೆ ಚೆನ್ನಾಗಿ ಹೇಳಲು ಬರುತ್ತದೆ.

ಅಕ್ಕನಿಗೆ ಎರಡನೆಯದೂ ಕೂರಲಿಲ್ಲ. ಗಂಟಿನ ಮೇಲೆಯೇ ಒತ್ತುತ್ತದೆ. ಊಟ ಮಾಡುತ್ತಾ, "ಆ ಹಳೇ ಅಚ್ಚು ಒಂದು ಉಳಿದಿದ್ರೆ..." ಅಂದಳು.

"ಆ ಮನುಷ್ಯನಿಂದ ನಿನಗೆ ಈ ಗತಿ" ಅಂದೆ.

"ಅವರಿಗೂ ವಯಸ್ಸಾಗಿತ್ತು ಬಿಡು" ಅಂದಳು. ಅವಳು ಯಾವಾಗಲೂ ಹೀಗೇ.

ಜುಲೈ 12, ಭಾನುವಾರ

ಅಕ್ಕನ ಹುಣ್ಣಿಗೆ ಪಟ್ಟಿ ಬದಲಿಸಲು ಪಕ್ಕದ ಮನೆಯಾಕೆ ಆಟೋದಲ್ಲಿ ಕರೆದುಕೊಂಡು ಹೋಗಿದ್ದರು. ಹತ್ತೂವರೆಗೆ ಬಾಗಿಲು ತಟ್ಟಿದ ಸದ್ದು. ಮೇಸ್ತ್ರಿ. ಕ್ಷೌರ ಮಾಡಿಕೊಂಡಿದ್ದ, ಇಸ್ತ್ರಿ ಮಾಡಿದ ಅಂಗಿ. ಎರಡೂ ಕೈಯಲ್ಲಿ ಗೋಣಿಚೀಲ ಹಿಡಿದಿದ್ದ.

"ಅಕ್ಕಾವ್ರು ಇಲ್ವಾ ಸಾರ್?"

ಇಲ್ಲ ಅಂದೆ. ಒಳಗೆ ಬಂದು, ಮೇಜಿನ ಮೇಲೆ ಚೀಲ ಇಟ್ಟು, ಕಟ್ಟು ಬಿಚ್ಚಿದ. ಹಳೆಯ ಏಪ್ರನ್ನಿನ ತುಂಡಿನಲ್ಲಿ ಸುತ್ತಿದ ಬೆಳ್ಳನೆ ಮೊಂಡು. ಲೆಕ್ಕದ ಟೀಚರ್, 11.

ನಾನು ಬಾಗಿಲು ಮುಂದೆ ಮಾಡಿದೆ.

"ಅವತ್ತು ನೀವು ಪಟ್ಟಿ ಕಡೆ ನೋಡ್ತಿದ್ರಿ. ನಾನು ಇದನ್ನ ಬಿಟ್ಟು ಬೇರೆ ತುಂಡೊಂದನ್ನ ಒಡೆದೆ. ತಪ್ಪು ಮಾಡಿದೆ, ನಿಯಮ ಮುರಿದೆ. ಅಕ್ಕಾವ್ರು ಹತ್ತು ಸಲ ಅತ್ತಿದ್ದು ನೋಡಿದ್ದೆ ಸಾರ್, ಕೈ ಬರಲಿಲ್ಲ."

ಇಷ್ಟು ದಿನ ಯಾಕೆ ತರಲಿಲ್ಲ ಅಂತ ಕೇಳಿದೆ. ಕಳ್ಳತನ ಅಂತ ಕೇಸು ಹಾಕಿಯಾರೆಂಬ ಹೆದರಿಕೆ ಇತ್ತಂತೆ. ಅಕ್ಕನಿಗೆ ಹುಣ್ಣಾಗಿದೆ ಅಂತ ಪೋಸ್ಟ್‌ಮನ್ ಹೇಳಿದ ಮೇಲೆ ನಿದ್ದೆ ಬರಲಿಲ್ಲವಂತೆ.

ಆಮೇಲೆ ಇನ್ನೊಂದು ಮಾತು ಹೇಳಿದ. "ನಾಳೆ ಇದನ್ನ ಡಾಕ್ಟರ ಮುಂದೆ ಇಡೋಣ. ಬರಿಗೈಲಿ ಹೋದ್ರೆ ನನ್ನ ಗೇಟೊಳಗೇ ಬಿಡಲ್ಲ, ಇದಿದ್ರೆ ಬಿಡ್ತಾರೆ. ಅವರೆದುರಿಗೇ ಸ್ಕ್ಯಾನ್ ಮಾಡಿ, ನಾನಿಟ್ಟ ಹೆಸರಲ್ಲೇ ಉಳಿಸಿ, ಪ್ರತಿ ತೆಗೆದು ನೋಡೋಣ. ಬರಲಿಲ್ಲ ಅಂದ್ರೆ ತಪ್ಪು ನನ್ನದೇ ಅಂತ ನನಗೂ ಸಮಾಧಾನ ಆಗುತ್ತೆ. ಎರಡು ತಿಂಗಳಿಂದ ಅದೇ ಕೊರೀತಿದೆ ಸಾರ್ ತಲೇಲಿ. ನೂರಾ ಎಂಬತ್ತೇಳು ಜನ."

ನಾನು ನೀರು ಕೊಟ್ಟೆ. ಕುಡಿದ. ಅಚ್ಚನ್ನು ಮತ್ತೆ ಹೊತ್ತುಕೊಂಡು ಬಸ್ಸಿನಲ್ಲಿ ಹೋಗುವುದು ಕಷ್ಟ, ಇಲ್ಲೇ ಇರಲಿ, ನಾಳೆ ನಾನೇ ತರುತ್ತೇನೆ ಅಂದೆ. ತಕ್ಷಣ ಒಪ್ಪಿದ. "ನಿಮ್ಮಕ್ಕನ ಕಾಲಲ್ವಾ ಸಾರ್. ನಿಮ್ಮ ಹತ್ರ ಇರೋದೇ ಭದ್ರ. ಒಂಬತ್ತು ಗಂಟೆಗೆ ಗೇಟ್ ಹತ್ರ ಇರ್ತೀನಿ." ಬಾಗಿಲವರೆಗೆ ಹೋದವನು ಮೇಜಿನ ಹತ್ತಿರ ವಾಪಸ್ ಬಂದು, ಅಚ್ಚಿನ ಹೊರಬದಿಯ ಸಣ್ಣ ಗುಳಿಯ ಮೇಲೆ ಹೆಬ್ಬೆಟ್ಟು ಇಟ್ಟು ತೋರಿಸಿದ. "ಹೊಸಬರಿಗೆ ಹೇಳಿ, ಇಲ್ಲಿ ಕೈ ಹಾಕಬೇಡಿ ಅಂತ. ಇದು ಸಿಗೋಕೆ ಹನ್ನೊಂದು ತಿಂಗಳು ಬೇಕಾಯ್ತು."

ಅವನು ಹೋದ ಮೇಲೆ ಬಹಳ ಹೊತ್ತು ಅದನ್ನು ನೋಡುತ್ತಾ ಕುಳಿತೆ. ಯೋಚಿಸಿದೆ. ಆ ಸಾಲನ್ನು ಅಳಿಸಿ ಎರಡು ತಿಂಗಳಾಯಿತು, ಈಗ ಯಾವ ಹೆಸರಿಟ್ಟರೂ ಪ್ರತಿಯಾಗುತ್ತದೆ. ಮತ್ತೆ ಸೇರಿಸೋಣವೆಂದರೆ, ಹೊಸಬ ನನ್ನ ಪಕ್ಕದಲ್ಲೇ ಕೂರುತ್ತಾನೆ, ಓದಿದವನು, ಅವನಿಗೆ ಕಾಣುತ್ತದೆ. ಅಕ್ಕನಿಗೆ ಮಾತ್ರ ಗುಟ್ಟಾಗಿ ಮಾಡಿಸೋಣವೆಂದರೆ ಇದು ಎಲ್ಲಿಂದ ಬಂತು ಅಂತ ಅವಳೇ ಕೇಳುತ್ತಾಳೆ, ಮೇಸ್ತ್ರಿಯ ಕಾಲಿಗೆ ಬೀಳಲು ಹೋಗುತ್ತಾಳೆ, ಅವನು ಎಲ್ಲ ಹೇಳುತ್ತಾನೆ. ಅದೂ ಅಲ್ಲದೆ ಇದು ಕೇಂದ್ರದ ಆಸ್ತಿ, ಪಟ್ಟಿಯಲ್ಲಿ ಒಡೆದದ್ದು ಎಂದು ನಾನೇ ಗುರುತು ಹಾಕಿದ್ದೇನೆ. ಇರಬಾರದ ವಸ್ತು ಇದು.

ಒಳಗೆ ಎತ್ತಿಡಲು ಹೋದೆ. ಕೈ ಜಾರಿತು. ನೆಲಕ್ಕೆ ಬಿದ್ದು ಅಂಚು ಮಾತ್ರ ಹೋಯಿತು, ಗುಳಿಯಿದ್ದ ಬದಿ ಹಾಗೇ ಇತ್ತು. ಹಿತ್ತಿಲಿಗೆ ತೆಗೆದುಕೊಂಡು ಹೋದೆ. ಅಲ್ಲಿ ಒಗೆಯುವ ಕಲ್ಲಿನ ಮೇಲೆ ಮತ್ತೆ ಜಾರಿತು. ಎತ್ತಿದೆ, ಮತ್ತೆ ಜಾರಿತು.

ಚೂರುಗಳನ್ನು ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕಿ ಬಂದು, ಕಲ್ಲನ್ನು ಎರಡು ಬಕೆಟ್ ನೀರಲ್ಲಿ ತೊಳೆದೆ. ಅಕ್ಕ ಬರುವುದರೊಳಗೆ ಅನ್ನಕ್ಕಿಟ್ಟೆ. ನೋವಿನಲ್ಲಿ ಅವಳ ಮುಖ ಸಣ್ಣಗಾಗಿತ್ತು. ಎರಡು ತುತ್ತು ತಿಂದಳು, ಅಷ್ಟೇ.

ಜುಲೈ 13, ಸೋಮವಾರ

ಒಂಬತ್ತು ಗಂಟೆಗೆ ಗೇಟಿನ ಹತ್ತಿರ ನಿಂತಿದ್ದ. ಅದೇ ಅಂಗಿ. ನನ್ನ ಕೈ ನೋಡಿದ, ಹೆಗಲು ನೋಡಿದ, ಹಿಂದೆ ಯಾರಾದರೂ ಹೊತ್ತು ತರುತ್ತಿದ್ದಾರೇನೋ ಎಂದು ದಾರಿ ನೋಡಿದ.

"ಅಚ್ಚು ಎಲ್ಲಿ ಸಾರ್?"

"ಯಾವ ಅಚ್ಚು?"

ಅವನು ನಗಲು ನೋಡಿದ. ತಮಾಷೆ ಎಂದುಕೊಂಡನೇನೋ. ಆಮೇಲೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ಸಾರ್, ಅದು ನಿಮ್ಮಕ್ಕಂದು ಸಾರ್" ಅಂದ. ಇಷ್ಟೇ ಅಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗಲಾಟೆ ಮಾಡಿಯಾನೆಂದು ವಾಚ್‌ಮನ್‌ಗೆ ಹೇಳಿ ಹೊರಗೆ ಕಳಿಸಿದೆ. ಡಾಕ್ಟರು ಏನೆಂದು ಕೇಳಿದರು. "ಪಾಪ, ತಲೆ ಸರಿಯಿಲ್ಲ ಅನ್ಸುತ್ತೆ ಡಾಕ್ಟ್ರೇ. ಒಡೆದುಹೋದ ಅಚ್ಚು ನನ್ನ ಹತ್ರ ಇದೆ ಅಂತಿದಾನೆ" ಅಂದೆ. ಡಾಕ್ಟರು ತುಟಿ ಕಚ್ಚಿಕೊಂಡು, "ಎಂಥ ಕೈಗುಣ ಇತ್ತು ಆ ಮನುಷ್ಯನಿಗೆ" ಅಂದರು. ಸಂಜೆಯವರೆಗೆ ಗೇಟಿನಾಚೆ ಕಲ್ಲಿನ ಮೇಲೆ ಕೂತಿದ್ದನಂತೆ. ನಾನು ಹಿಂದಿನ ಬಾಗಿಲಿನಿಂದ ಬಂದೆ.

ಆಗಸ್ಟ್ 14, ಶುಕ್ರವಾರ

ಬಹಳ ದಿನ ಬರೆಯಲಿಲ್ಲ, ಕೆಲಸ. ಬೇರೆ ಊರಿನ ಕೇಂದ್ರಗಳವರು ನಮ್ಮ ಏರ್ಪಾಟು ನೋಡಲು ಬಂದಿದ್ದರು. ಮೂರು ಪ್ರತಿಯ ಬಗ್ಗೆ ನಾನೇ ಮಾತನಾಡಿದೆ. ಈಗ ನಾಲ್ಕನೆಯ ಮಾತನ್ನೂ ಸೇರಿಸಿದ್ದೇನೆ, ವಾಪಸ್ ತೆಗೆದು ತಾಳೆ ನೋಡದ ಪ್ರತಿ ಪ್ರತಿಯೇ ಅಲ್ಲ ಅಂತ. ಅವರೆದುರಿಗೇ ತೆಗೆದು ತೋರಿಸಿದೆ. ಒಂದೂ ತಪ್ಪದೆ ಬಂತು. ಚಪ್ಪಾಳೆ ತಟ್ಟಿದರು.

ಅಕ್ಕನಿಗೆ ಇವತ್ತು ಐದನೆಯ ಬಟ್ಟಲು. ಹಾಕಿದ ಕೂಡಲೇ ಗೊತ್ತಾಯಿತು, ಮುಖದಲ್ಲೇ. ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟು, "ಪರವಾಗಿಲ್ಲ, ಸ್ವಲ್ಪ ವಾಸಿ" ಎಂದು ಸುಳ್ಳು ಹೇಳಿದಳು, ನನಗೆ ಬೇಜಾರಾಗದಿರಲಿ ಅಂತ. ಕಾಲುಚೀಲ ಒಗೆಯಲು ನೆನೆಹಾಕಿದ್ದೇನೆ. ಶಾಲೆಯವರು ಅವಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡರು.

ಸಂಜೆ ಇದ್ದಕ್ಕಿದ್ದ ಹಾಗೆ ಕೇಳಿದಳು. "ಆವತ್ತು ಭಾನುವಾರ ನಾನಿಲ್ಲದಾಗ ಮೇಸ್ತ್ರಿ ಬಂದಿದ್ರಂತೆ? ಎದುರುಮನೆಯವರು ಹೇಳಿದ್ರು, ಕೈಯಲ್ಲಿ ಏನೋ ಚೀಲ ಇತ್ತು ಅಂತ."

"ಹೌದು. ಹಣ್ಣು ತಂದಿದ್ದ. ಕ್ಷಮೆ ಕೇಳೋಕೆ ಬಂದಿದ್ದ. ನಾನು ತೆಗೆದುಕೊಳ್ಳಲಿಲ್ಲ, ವಾಪಸ್ ಕಳಿಸಿದೆ."

ಅಕ್ಕ ತನ್ನ ಖಾಲಿ ಬದಿಯ ಬಟ್ಟೆಯನ್ನು ಮಡಿಸಿದಳು. ಆಮೇಲೆ ನನ್ನ ತಲೆ ಸವರಿದಳು, ಚಿಕ್ಕಂದಿನಲ್ಲಿ ಸವರುತ್ತಿದ್ದ ಹಾಗೆ. "ನನಗೋಸ್ಕರ ಎಷ್ಟು ಕೋಪ ಇಟ್ಕೊಂಡಿದೀಯಲ್ಲೋ ಪುಟ್ಟಾ. ಕ್ಷಮಿಸಿಬಿಡು ಅವರನ್ನ."

ಅಕ್ಕ ದೊಡ್ಡ ಮನಸ್ಸಿನವಳು. ಆ ಮುದುಕನನ್ನು ಕ್ಷಮಿಸುವುದು ನನಗೆ ಅಷ್ಟು ಸುಲಭವಲ್ಲ. ಆದರೂ ಅವಳು ಹೇಳಿದ್ದಾಳೆ, ಪ್ರಯತ್ನಪಡುತ್ತೇನೆ.